ಕೊನೆಯ ಬೆಂಚಿನಲ್ಲಿ ಕುಳಿತ ಗಣಿತದ ಮಾಷ್

ನಮ್ಮ ಹೈಸ್ಕೂಲಿನ ಕನ್ನಡ ಡಿವಿಷನ್ನಿಗೆ ಕನ್ನಡ ಬಾರದ ಗಣಿತದ ಅಧ್ಯಾಪಕರೊಬ್ಬರು ಬಂದ ವರ್ಷ ನಾನು ಒಂದು ಅರ್ಜಿ ಬರೆದೆ, ಒಂದು ಮಾತನ್ನು ನುಂಗಿಕೊಂಡೆ. ಅರ್ಜಿ ಬರೆದದ್ದಕ್ಕೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ. ನುಂಗಿಕೊಂಡ ಮಾತಿನ ವಿಷಯ ಹಾಗಲ್ಲ.

ಶಾಲೆ ಇರುವುದು ಪೆರ್ಲದಿಂದ ಒಳಗೆ, ಗಡಿಯ ಹತ್ತಿರ, ಮಲಯಾಳಂ ಆಡಳಿತ ಭಾಷೆಯಾದ ಬದಿಯಲ್ಲಿ. ನಾನು ಉಪ್ಪಳದಿಂದ ಎರಡು ಬಸ್ಸು ಹಿಡಿದು ಹೋಗಿಬರುತ್ತಿದ್ದೆ. ಪ್ರತಿ ತರಗತಿಗೂ ಎರಡು ಡಿವಿಷನ್: ಒಂದು ಮಲಯಾಳಂ, ಒಂದು ಕನ್ನಡ. ಕನ್ನಡದ ಮಕ್ಕಳಿಗೆ ನಾನು ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದೆ. ಕನ್ನಡದ ಮಕ್ಕಳು ಎಂದರೆ ಮನೆಯಲ್ಲಿ ಕನ್ನಡ ಆಡುವವರು ಎಂದಲ್ಲ. ಕೆಲವರ ಮನೆಯಲ್ಲಿ ತುಳು, ಕೆಲವರದ್ದು ಬ್ಯಾರಿ, ಕೆಲವರದ್ದು ಮರಾಠಿ, ಇನ್ನು ಕೆಲವರದ್ದು ಹವ್ಯಕ ಕನ್ನಡ. ನನ್ನ ಮನೆಯದ್ದೂ ತುಳುವೇ. ಪುಸ್ತಕದ ಕನ್ನಡವನ್ನು ನಾವೆಲ್ಲ ಶಾಲೆಯ ಬೆಂಚಿನ ಮೇಲೆಯೇ ಕಲಿತವರು. ಹಾಗೆ ಕಲಿತದ್ದರಿಂದಲೋ ಏನೋ, ಅದನ್ನು ಯಾರಾದರೂ ಕಸಿದುಕೊಳ್ಳುತ್ತಾರೆ ಅನ್ನಿಸಿದರೆ ನಮಗೆ ಬಹಳ ಬೇಗ ನೋವಾಗುತ್ತದೆ.

ತರಗತಿಗಳಿಗೆ ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಬಂದು ಹೆಚ್ಚು ಸಮಯ ಆಗಿರಲಿಲ್ಲ. ಬೇಸಿಗೆ ರಜೆಯಲ್ಲಿ ನಮಗೆಲ್ಲ ತರಬೇತಿ ಆಗಿತ್ತು. ಬೋಧನೆಯಲ್ಲಿ ಹೊಸತನ ತರಬೇಕು ಎಂದು ದಿನಕ್ಕೆ ಹತ್ತು ಸಲ ಕೇಳಿಸಿಕೊಂಡು ಬಂದಿದ್ದೆವು. ಹೊಸತನ ಎಂದರೆ ಪರದೆಯ ಮೇಲೆ ಚಿತ್ರ ಓಡಿಸುವುದು ಎಂದೇ ನಾನು ತಿಳಿದುಕೊಂಡಿದ್ದೆ.

ನಮ್ಮ ಹಳೆಯ ಗಣಿತದ ಮಾಷ್ಟ್ರು ಮಾರ್ಚಿನಲ್ಲಿ ನಿವೃತ್ತರಾದರು. ಜೂನ್ ಕೊನೆಗೆ ಅವರ ಜಾಗಕ್ಕೆ ಹೊಸಬರು ಬಂದರು. ರಾಜ್ಯದ ದಕ್ಷಿಣದ ಜಿಲ್ಲೆಯೊಂದರ ಕಡೆಯವರು, ಮೂವತ್ತರ ಆಸುಪಾಸು, ಮೊದಲ ನೇಮಕ. ರಾತ್ರಿಯಿಡೀ ರೈಲಿನಲ್ಲಿ ಕುಳಿತು ಉಪ್ಪಳದಲ್ಲಿ ಇಳಿದು, ಮಳೆಯಲ್ಲಿ ನೆನೆದ ಬ್ಯಾಗಿನೊಂದಿಗೆ ಸ್ಟಾಫ್ ರೂಮಿಗೆ ಬಂದರು. ಹೆಡ್‌ಮಾಷ್ಟ್ರು ಕಾಗದ ನೋಡಿ, ಕುರ್ಚಿ ತೋರಿಸಿ, ಕನ್ನಡದಲ್ಲಿ ಏನೋ ಕೇಳಿದರು. ಅವರು ಉತ್ತರಿಸದೆ ನಮ್ಮೆಲ್ಲರ ಮುಖ ನೋಡಿದರು. ಆಗ ಹೆಡ್‌ಮಾಷ್ಟ್ರು ಮಲಯಾಳಂನಲ್ಲಿ, ನಿಮಗೆ ಕನ್ನಡ ಬರುವುದಿಲ್ಲವೇ ಎಂದು ಕೇಳಿದರು.

"ಪಠಿಕ್ಕಾಂ" ಎಂದರು ಅವರು. ಕಲಿಯುತ್ತೇನೆ ಎಂದು.

ಆ ಮಾತಿಗೆ ಸ್ಟಾಫ್ ರೂಮಿನಲ್ಲಿ ಯಾರೂ ನಗಲಿಲ್ಲ. ಕನ್ನಡ ಡಿವಿಷನ್ನಿನ ಹುದ್ದೆಗೆ ಕನ್ನಡ ಬಾರದವರ ಹೆಸರು ಹೇಗೆ ಬಂತು, ಯಾವ ಮೇಜಿನ ಮೇಲೆ ಯಾವ ಕಾಗದ ಯಾರ ಕಣ್ಣು ತಪ್ಪಿತು ಎನ್ನುವುದು ನಮಗೆ ತಿಳಿಯಲಿಲ್ಲ. ಅವರಿಗೂ ತಿಳಿದಿರಲಿಲ್ಲ. ಕೆಲಸ ಸಿಕ್ಕಿತು, ಬಂದರು. ಅಷ್ಟೇ.

ಮಕ್ಕಳು ಅವರನ್ನು ಮಲಯಾಳಂ ರೀತಿಯಲ್ಲಿ ಮಾಷ್ ಎಂದು ಕರೆದರು, ನಾವೂ ಹಾಗೆಯೇ ಕರೆದೆವು. ಎಂಟನೇ ತರಗತಿಯಲ್ಲಿ ಮೊದಲ ವಾರ ಅವರು ಪ್ರೊಜೆಕ್ಟರ್ ನಂಬಿ ಪಾಠ ಮಾಡಿದರು. ಕನ್ನಡದಲ್ಲಿ ತಯಾರಿಸಿದ ಪಾಠಗಳಿದ್ದವು, ಅವನ್ನು ಪರದೆಯ ಮೇಲೆ ಬಿಟ್ಟು ಪಕ್ಕದಲ್ಲಿ ನಿಲ್ಲುತ್ತಿದ್ದರು. ಯಾರಾದರೂ ಎದ್ದು ಸಂಶಯ ಕೇಳಿದರೆ ಮತ್ತೆ ಅದನ್ನೇ ಬಿಡುತ್ತಿದ್ದರು. ಮಕ್ಕಳು ಎರಡನೇ ಸಲವೂ ಅದನ್ನೇ ನೋಡಿ ಕುಳಿತುಕೊಳ್ಳುತ್ತಿದ್ದರು. ನಾನು ಆ ತರಗತಿಯ ಕ್ಲಾಸ್ ಟೀಚರ್. ಶುಕ್ರವಾರ ಹಾಜರಿ ಕರೆಯುವಾಗ ಒಬ್ಬಳು ಹುಡುಗಿ ಎದ್ದು ನಿಂತಳು.

"ಟೀಚರ್, ಗಣಿತದಲ್ಲಿ ಮಾಷ್ ಎಂತ ಹೇಳ್ತಾರೆ ಅಂತಲೇ ಗೊತ್ತಾಗುವುದಿಲ್ಲ. ನಾವು ಎಂತ ಮಾಡುವುದು?"

ಆ ಪ್ರಶ್ನೆ ನನ್ನನ್ನು ಎಲ್ಲಿಗೆ ಕೊಂಡುಹೋಯಿತೆಂದು ಅವಳಿಗೆ ತಿಳಿಯುವಂತಿರಲಿಲ್ಲ. ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ನಮಗೂ ಹೀಗೊಬ್ಬರು ಬಂದಿದ್ದರು, ರಸಾಯನ ವಿಜ್ಞಾನಕ್ಕೆ. ಇಡೀ ವರ್ಷ ಅವರು ಬೋರ್ಡಿನಲ್ಲಿ ಬರೆದದ್ದನ್ನು ನಾನು ಚಿತ್ರ ಬಿಡಿಸಿದ ಹಾಗೆ ನಕಲು ಮಾಡಿದೆ. ಒಮ್ಮೆ ಅವರು ನನ್ನನ್ನು ಎಬ್ಬಿಸಿ ಪ್ರಶ್ನೆ ಕೇಳಿದರು. ಪ್ರಶ್ನೆಯೇ ಅರ್ಥವಾಗದೆ ಸುಮ್ಮನೆ ನಿಂತೆ. ಅಹಂಕಾರ ಎಂದುಕೊಂಡು ಅವಧಿ ಮುಗಿಯುವ ತನಕ ನಿಲ್ಲಿಸಿದರು. ಮುಂದೆ ವಿಜ್ಞಾನ ತೆಗೆದುಕೊಳ್ಳುವ ಧೈರ್ಯ ನನಗೆ ಬರಲಿಲ್ಲ. ಸಮಾಜ ವಿಜ್ಞಾನವನ್ನು ನಾನು ಪ್ರೀತಿಯಿಂದಲೇ ಕಲಿಸುತ್ತೇನೆ, ಆದರೆ ಅದನ್ನು ನಾನು ಆರಿಸಿಕೊಂಡದ್ದಲ್ಲ.

ಹಾಗಾಗಿ ಪಿಟಿಎ ಸಭೆ ಸೇರಿದಾಗ, ಕನ್ನಡ ಬಲ್ಲವರನ್ನು ಕಳಿಸಿ ಎಂದು ಇಲಾಖೆಗೆ ಅರ್ಜಿ ಯಾರು ಬರೆಯುವುದು ಎಂಬ ಮಾತು ಬಂದಾಗ, ನಾನೇ ಬರೆಯುತ್ತೇನೆ ಎಂದೆ. ಎರಡು ಪುಟ ಬರೆದೆ. ಮಕ್ಕಳಿಗೆ ತಾವು ಕಲಿಯುವ ಭಾಷೆಯಲ್ಲಿ ಪಾಠ ಕೇಳುವ ಹಕ್ಕು ಇದೆ, ಅರ್ಥವಾಗದ ಒಂದು ವರ್ಷ ಒಂದು ಮಗುವಿನ ಇಡೀ ದಾರಿಯನ್ನೇ ಬದಲಿಸಬಹುದು ಎಂದು ಬರೆದೆ. ಹೆತ್ತವರೆಲ್ಲ ಸಹಿ ಹಾಕಿದರು. ಕೊನೆಗೆ ನನ್ನ ಸಹಿ.

ಕದ್ದು ಮಾಡಿದ ಹಾಗೆ ಆಗಬಾರದೆಂದು ಮರುದಿನ ಮಾಷ್ ಹತ್ತಿರ ಹೋಗಿ ಮಲಯಾಳಂನಲ್ಲಿ ಹೇಳಿದೆ, "ನಿಮ್ಮ ಮೇಲೆ ಏನೂ ಇಲ್ಲ. ಇದು ಮಕ್ಕಳ ವಿಷಯ."

ಅವರು ಊಟದ ಡಬ್ಬಿ ಮುಚ್ಚಿ, "ನನ್ನ ಮಗಳು ಆ ಬೆಂಚಿನಲ್ಲಿ ಕುಳಿತಿದ್ದರೆ ನಾನೂ ಸಹಿ ಹಾಕುತ್ತಿದ್ದೆ ಟೀಚರೇ" ಎಂದರು. ಡಬ್ಬಿಯನ್ನು ಬ್ಯಾಗಿಗೆ ಹಾಕುತ್ತಾ, "ಆದರೆ ತೀರ್ಮಾನ ಬರುವ ತನಕ ನಾನು ದಿನಾ ಆ ಕ್ಲಾಸಿಗೆ ಹೋಗಬೇಕಲ್ಲ" ಎಂದರು.

ಅವರು ತಮ್ಮ ಪದ್ಧತಿಯನ್ನು ಬದಲಿಸಿದ್ದು ಆ ವಾರದಲ್ಲಿ.

ಪ್ರೊಜೆಕ್ಟರ್ ಆರಿಸಿದರು. ಮೇಜಿನ ಹಿಂದಿನ ಕುರ್ಚಿ ಬಿಟ್ಟು ಕೊನೆಯ ಬೆಂಚಿನಲ್ಲಿ, ಮಕ್ಕಳ ನಡುವೆ ಹೋಗಿ ಕುಳಿತರು. ಯಾರಿಂದಲೋ ಬರೆಸಿಕೊಂಡು ಬಾಯಿಪಾಠ ಮಾಡಿದ್ದ ಒಂದು ವಾಕ್ಯವನ್ನು ತಡೆತಡೆದು ಹೇಳಿದರಂತೆ: "ನನಗೆ ಗಣಿತ ಗೊತ್ತುಂಟು, ಕನ್ನಡ ಗೊತ್ತಿಲ್ಲ. ನಿಮಗೆ ಕನ್ನಡ ಗೊತ್ತುಂಟು. ನೀವು ನನಗೆ ಹೇಳಿ." ಅಂದಿನಿಂದ ದಿನಕ್ಕೆ ಇಬ್ಬರು ಮಕ್ಕಳು ಹಿಂದಿನ ದಿನವೇ ಪುಸ್ತಕದ ಭಾಗ ಓದಿಕೊಂಡು ಬಂದು, ಬೋರ್ಡಿನ ಮುಂದೆ ನಿಂತು ಕನ್ನಡದಲ್ಲಿ ವಿವರಿಸಬೇಕು. ಲೆಕ್ಕದ ಹೆಜ್ಜೆ ತಪ್ಪಿದರೆ ಮಾಷ್‌ಗೆ ತಕ್ಷಣ ಗೊತ್ತಾಗುತ್ತಿತ್ತು, ಅಂಕಿಗಳಿಗೆ ಭಾಷೆ ಬೇಡವಲ್ಲ. ಆದರೆ ಅವರು ತಪ್ಪು ಎನ್ನುತ್ತಿರಲಿಲ್ಲ. ಮಕ್ಕಳಿಂದ ಅವರು ಕಲಿತ ಮೊದಲ ಪದ 'ಎಂತಕ್ಕೆ', ಅಂದರೆ ಯಾಕೆ. ಅದೊಂದನ್ನೇ ಕೇಳುತ್ತಿದ್ದರು. ಮಗು ಉತ್ತರಿಸಿದರೆ ಆ ಉತ್ತರಕ್ಕೂ ಅದೇ ಪ್ರಶ್ನೆ.

ಮೊದಲು ಮಕ್ಕಳು ನಕ್ಕರು. ನಂತರ ನಗುವುದನ್ನು ಬಿಟ್ಟರು, ಯಾಕೆಂದರೆ ಮಾಷ್ ನಾಟಕ ಮಾಡುತ್ತಿರಲಿಲ್ಲ. ಅವರಿಗೆ ನಿಜವಾಗಿಯೂ ಅರ್ಥವಾಗುತ್ತಿರಲಿಲ್ಲ. ಮಗು ಹೇಳಿದ ಕನ್ನಡ ವಾಕ್ಯವನ್ನು ಅವರು ಕಣ್ಣು ಕಿರಿದು ಮಾಡಿ ಕೇಳಿ, ತಲೆಯಾಡಿಸಿ, ಇಲ್ಲ, ಇನ್ನೊಮ್ಮೆ ಎಂದು ಕೈಸನ್ನೆ ಮಾಡುತ್ತಿದ್ದರು. ಆಗ ಮಗು ಇನ್ನೊಂದು ದಾರಿ ಹುಡುಕಬೇಕಾಗುತ್ತಿತ್ತು.

ಇದನ್ನೆಲ್ಲ ನಾನು ಆಗಲೇ ಮೆಚ್ಚಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಮೊದಲ ಸಲ ವರಾಂಡದಲ್ಲಿ ಹೋಗುವಾಗ ಅವರು ಕೊನೆಯ ಬೆಂಚಿನಲ್ಲಿ ಕುಳಿತಿದ್ದನ್ನು ಕಂಡು ನನಗೆ ಸಿಟ್ಟೇ ಬಂದಿತ್ತು. ತರಗತಿಯಲ್ಲಿ ಎಲ್ಲರಿಗಿಂತ ಮುಂದಿದ್ದ ಹುಡುಗಿಯ ತಂದೆ, ಒಬ್ಬ ಅಡಿಕೆ ಬೆಳೆಗಾರರು, ಶಾಲೆಗೆ ಬಂದು ಹೆಡ್‌ಮಾಷ್ಟ್ರ ಮೇಜಿನ ಎದುರು ನಿಂತು ತಗ್ಗಿದ ದನಿಯಲ್ಲೇ ಕೇಳಿದರು.

"ನನ್ನ ಮಗಳು ಶಾಲೆಗೆ ಹೋಗುವುದು ಕಲೀಲಿಕ್ಕಾ, ಮಾಷ್ಟ್ರಿಗೆ ಕಲಿಸ್ಲಿಕ್ಕಾ?"

ಹೆಡ್‌ಮಾಷ್ಟ್ರು, "ಎಂತ ಹೇಳುವುದು ಮಾರಾಯ್ರೇ, ಅರ್ಜಿ ಹೋಗಿದೆ. ಸ್ವಲ್ಪ ಕಾಯುವ" ಎಂದರು. ಆ ತಂದೆಯ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ, ಈಗಲೂ ಆಗುವುದಿಲ್ಲ.

ಆ ತರಗತಿಯಲ್ಲಿ ಇನ್ನೊಬ್ಬಳು ಹುಡುಗಿ ಇದ್ದಳು. ಮನೆಯಲ್ಲಿ ತುಳು, ತಾಯಿ ಬೀಡಿ ಕಟ್ಟುವವರು. ಎರಡು ತಿಂಗಳಲ್ಲಿ ಅವಳು ನನ್ನ ಅವಧಿಯಲ್ಲಿ ಬಾಯಿ ತೆರೆದದ್ದು ಹಾಜರಿ ಕರೆಯುವಾಗ ಮಾತ್ರ. ನಾನು ಪ್ರಶ್ನೆ ಕೇಳಿದರೆ ಎದ್ದು ನಿಂತು ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದಳು. ಅವಳಿಗೆ ಆಗುವುದಿಲ್ಲ ಎಂದು ನಾನು ಮನಸ್ಸಿನಲ್ಲೇ ತೀರ್ಮಾನ ಮಾಡಿ, ಕ್ರಮೇಣ ಪ್ರಶ್ನೆ ಕೇಳುವುದನ್ನೂ ಬಿಟ್ಟಿದ್ದೆ.

ಆಗಸ್ಟಿನ ಒಂದು ಬೆಳಿಗ್ಗೆ ಯಾವುದೋ ಪಟ್ಟಿಗೆ ಸಹಿ ಹಾಕಿಸಲು ಎಂಟನೇ ತರಗತಿಯ ಹತ್ತಿರ ಹೋದವಳು ಕಿಟಕಿಯ ಬಳಿ ನಿಂತುಬಿಟ್ಟೆ. ಬೋರ್ಡಿನ ಮುಂದೆ ಅವಳಿದ್ದಳು. ಕೈಯಲ್ಲಿ ಒದ್ದೆ ಪತ್ರಿಕೆಯಲ್ಲಿ ಸುತ್ತಿದ ಬೀಡಿ ಎಲೆಗಳು, ಒಂದು ಕತ್ತರಿ. ಅಂದಿನ ಪಾಠ ಸಮಾಂತರ ಚತುರ್ಭುಜದ ಕ್ಷೇತ್ರಫಲ. ಅವಳು ಬೀಡಿಗೆಂದು ಆಯತವಾಗಿ ಕತ್ತರಿಸಿದ್ದ ಒಂದು ಎಲೆಯ ಎರಡೂ ತುದಿಗಳನ್ನು ಒಂದೇ ಓರೆಗೆ ಕತ್ತರಿಸಿದಳು. ಆಮೇಲೆ ಎಡತುದಿಯ ಓರೆ ತುಂಡನ್ನು ನೇರ ಕತ್ತರಿಸಿ ತೆಗೆದು ಬಲತುದಿಗೆ ಜೋಡಿಸಿದಳು. ಎಲೆ ಆಯತವಾಯಿತು. ಅದನ್ನು ಅಂಗೈಯಲ್ಲಿಟ್ಟು ಕೊನೆಯ ಬೆಂಚಿನ ತನಕ ನಡೆದು ಮಾಷ್ ಮುಂದೆ ಹಿಡಿದಳು.

"ಎಲೆ ಹೆಚ್ಚಾಯ್ತಾ? ಇಲ್ಲ. ಕಮ್ಮಿ ಆಯ್ತಾ? ಇಲ್ಲ. ಅದೇ ಎಲೆ. ಹಾಗೆ ಇದರ ಉದ್ದ, ಇದರ ಎತ್ತರ, ಗುಣಿಸಿದರೆ ಆಯ್ತು."

ಅರ್ಧ ಕನ್ನಡ, ಅರ್ಧ ತುಳು. ಮಾಷ್ ಎಲೆಯನ್ನು ತಿರುಗಿಸಿ ನೋಡಿದರು. ನಂತರ ಓರೆಯಾದ ಬದಿಯ ಮೇಲೆ ಬೆರಳು ಓಡಿಸಿ, "ಇದು ಬೇಡ. ಎಂತಕ್ಕೆ?" ಎಂದರು. ಓರೆ ಬದಿಯ ಉದ್ದದಿಂದ ಯಾಕೆ ಗುಣಿಸಬಾರದು, ಎತ್ತರವೇ ಯಾಕೆ ಬೇಕು ಎನ್ನುವ ಪ್ರಶ್ನೆ. ಅವಳ ಕೈ ಬೆಂಚಿನ ಅಂಚಿಗೆ ಹೋಯಿತು. ಮಾಷ್ ಅವಸರ ಮಾಡಲಿಲ್ಲ, "ನಾಳೆ" ಎಂದರು. ಗಂಟೆ ಹೊಡೆಯಿತು.

ಮರುದಿನ ಆ ಅವಧಿಗೆ ನನಗೆ ಬೇರೆ ಕೆಲಸವಿತ್ತು. ಬಿಟ್ಟು ಕಿಟಕಿಯ ಹತ್ತಿರ ಹೋದೆ. ಅವಳು ತೆಂಗಿನಗರಿಯ ನಾಲ್ಕು ಕಡ್ಡಿಗಳನ್ನು ಮೂಲೆಗಳಲ್ಲಿ ಬೀಡಿಯ ನೂಲಿನಿಂದ ಕಟ್ಟಿ ಚೌಕಟ್ಟು ಮಾಡಿಕೊಂಡು ಬಂದಿದ್ದಳು. ಅದನ್ನು ನೇರ ಹಿಡಿದು ತೋರಿಸಿದಳು. ಮೆಲ್ಲಗೆ ಒಂದು ಬದಿಗೆ ತಳ್ಳಿದಳು. ಇನ್ನಷ್ಟು ತಳ್ಳಿದಳು. ಕೊನೆಗೆ ಮೇಲಿನ ಕಡ್ಡಿ ಕೆಳಗಿನ ಕಡ್ಡಿಯ ಮೇಲೆ ಮಲಗಿತು.

"ಕಡ್ಡಿ ಅಷ್ಟೇ ಉದ್ದ ಉಂಟು ಮಾಷ್. ಬದಿ ಬದಲಾಗಲಿಲ್ಲ. ಒಳಗೆ ಜಾಗ ಉಂಟಾ ಈಗ?"

ಮಾಷ್ ಎದ್ದು ನಿಂತರು. ಅವಳ ಕೈಯಿಂದ ಚೌಕಟ್ಟು ತೆಗೆದುಕೊಂಡು ತಾವೂ ಒಮ್ಮೆ ಮಲಗಿಸಿ, ಒಮ್ಮೆ ನಿಲ್ಲಿಸಿ ನೋಡಿದರು. "ಇಲ್ಲ" ಎಂದರು. "ಜಾಗ ಇಲ್ಲ." ಅದು ಅವರ ಬಾಯಿಯಿಂದ ನಾನು ಕೇಳಿದ ಮೊದಲ ಕನ್ನಡ ಉತ್ತರ. ತರಗತಿಯ ಇತರ ಮಕ್ಕಳು ಬೆಂಚು ಬಿಟ್ಟು ಮುಂದೆ ಬಂದು, ನನಗೂ ತೋರಿಸು ಎನ್ನುತ್ತಿದ್ದರು. ಎಷ್ಟೋ ತರಬೇತಿಗಳಲ್ಲಿ ಕುಳಿತ ನಾನು ಅಂಥ ತರಗತಿಯನ್ನು ಅದಕ್ಕಿಂತ ಮೊದಲು ನೋಡಿರಲಿಲ್ಲ. ಹಾಗೆ ನೋಡುತ್ತಾ ನಿಂತಾಗ ನನಗೆ ಸಂತೋಷಕ್ಕಿಂತ ಹೆಚ್ಚು ನಾಚಿಕೆಯಾಯಿತು. ಆ ಹುಡುಗಿಯ ವಿಷಯದಲ್ಲಿ ನಾನು ಮಾಡಿದ್ದ ತೀರ್ಮಾನ ನೆನಪಾಗಿ.

ಓಣಂ ರಜೆಗೆ ಮೊದಲಿನ ಪರೀಕ್ಷೆಯ ಹೊತ್ತಿಗೆ ಅದಕ್ಕಿದ್ದ ಗಣಿತದ ಪಾಠಗಳು ಅರ್ಧವೂ ಮುಗಿದಿರಲಿಲ್ಲ. ಬೀಡಿ ಎಲೆಯ ಹುಡುಗಿಗೆ ಮತ್ತು ಅವಳಂತೆ ಹಿಂದೆ ಉಳಿದಿದ್ದ ಕೆಲವರಿಗೆ ಹಿಂದೆಂದೂ ಸಿಗದಷ್ಟು ಅಂಕ ಬಂತು. ಬೆಳೆಗಾರರ ಮಗಳಿಗೆ ಕಡಿಮೆಯಾಯಿತು. ನಾಚಿಕೆಯ ಸ್ವಭಾವದ ಇನ್ನೂ ಕೆಲವರು ಬೋರ್ಡಿನ ಮುಂದೆ ನಿಲ್ಲುವ ಹೆದರಿಕೆಯಿಂದ ತಮ್ಮ ಸರದಿಯ ದಿನ ಶಾಲೆಗೇ ಬರುತ್ತಿರಲಿಲ್ಲ. ಒಳ್ಳೆಯದಾಯಿತು ಎಂದು ಹೇಳುವಂತೆಯೂ ಇರಲಿಲ್ಲ, ಕೆಟ್ಟದಾಯಿತು ಎಂದು ಹೇಳುವಂತೆಯೂ ಇರಲಿಲ್ಲ.

ಅಕ್ಟೋಬರಿನಲ್ಲಿ ಅರ್ಜಿಯ ವಿಚಾರಣೆಗೆ ಅಧಿಕಾರಿಯೊಬ್ಬರು ಶಾಲೆಗೆ ಬಂದರು. ಹೆಡ್‌ಮಾಷ್ಟ್ರ ಕೋಣೆಯಲ್ಲಿ ಒಬ್ಬೊಬ್ಬರನ್ನೇ ಕರೆದು ಕೇಳಿದರು. ಅವರು ಕನ್ನಡ ಬಲ್ಲವರು, ಸಭ್ಯ ಮನುಷ್ಯ. ನನ್ನ ಸರದಿ ಬಂದಾಗ ನೇರವಾಗಿ ಕೇಳಿದರು.

"ಅವರಿಗೆ ಕನ್ನಡದಲ್ಲಿ ಪಾಠ ಮಾಡ್ಲಿಕ್ಕೆ ಬರ್ತದಾ ಟೀಚರ್?"

"ಬರುವುದಿಲ್ಲ."

"ಮಕ್ಕಳಿಗೆ ತೊಂದರೆ ಆಗಿದೆಯಾ?"

"ಆಗಿದೆ. ಪಾಠ ಮುಗಿದಿಲ್ಲ."

ಅವರು ಬರೆದುಕೊಂಡರು. ಪೆನ್ನಿನ ಮುಚ್ಚಳ ಹಾಕುವ ಮೊದಲು ತಲೆಯೆತ್ತಿ, "ಬೇರೆ ಎಂತಾದರೂ ಹೇಳ್ಲಿಕ್ಕುಂಟಾ?" ಎಂದರು.

ಹೇಳಲಿಕ್ಕಿತ್ತು. ಎರಡು ದಿನ ಕಿಟಕಿಯ ಬಳಿ ನಿಂತು ನೋಡಿದ್ದು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಆ ಮಾತು ಕಾಗದಕ್ಕೆ ಇಳಿದರೆ ನಾಳೆ ಅದನ್ನೇ ಹಿಡಿದು, ನೋಡಿ, ಭಾಷೆ ಬಾರದವರು ಬಂದರೂ ಮಕ್ಕಳು ಕಲಿಯುತ್ತಾರೆ ಎಂದು ಯಾರಾದರೂ ಹೇಳಿದರೆ? ಇನ್ನೊಂದು ಶಾಲೆಗೆ ಇನ್ನೊಬ್ಬರನ್ನು ಕಳಿಸಿದರೆ? ಆ ಇನ್ನೊಬ್ಬರು ಕೊನೆಯ ಬೆಂಚಿನಲ್ಲಿ ಕುಳಿತುಕೊಳ್ಳುವವರೇ ಆಗಿರುತ್ತಾರೆಂದು ಏನು ಗ್ಯಾರಂಟಿ? ನನಗೆ ರಸಾಯನ ವಿಜ್ಞಾನ ಹೇಳಿಕೊಟ್ಟವರ ಹಾಗೆ ಇದ್ದರೆ?

"ಇಲ್ಲ ಸಾರ್" ಎಂದೆ.

ಮರುದಿನ ಬೆಳಿಗ್ಗೆ ಹಾಜರಿ ಮುಗಿಸಿ ಹೊರಗೆ ಬರುವಾಗ ಬೀಡಿ ಎಲೆಯ ಹುಡುಗಿ ಬಾಗಿಲ ಬಳಿ ಕಾದಿದ್ದಳು. ತಾನಾಗಿ ನನ್ನೊಡನೆ ಮಾತಾಡಿದ್ದು ಅದೇ ಮೊದಲು.

"ಟೀಚರ್, ನಾವು ಮಾಷ್‌ಗೆ ಪಾಠ ಮಾಡುವುದನ್ನು ನೀವು ನಿನ್ನೆ ಬಂದವರಿಗೆ ಹೇಳಿದಿರಾ?"

ನಾನು ಇಲ್ಲ ಎಂದೆ. ಅವಳು ಯಾಕೆ ಎಂದು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು, ಸಿದ್ಧ ಮಾಡಿಕೊಂಡಿದ್ದ ಕಾರಣಗಳನ್ನೆಲ್ಲ ಹೇಳುತ್ತಿದ್ದೆ. "ಆಯ್ತು ಟೀಚರ್" ಎಂದು ತನ್ನ ಬೆಂಚಿಗೆ ಹೋದಳು.

ನವೆಂಬರಿನಲ್ಲಿ ಆದೇಶ ಬಂತು. ಮಾಷ್‌ರನ್ನು ಮಲಯಾಳಂ ಶಾಲೆಯೊಂದಕ್ಕೆ ವರ್ಗ ಮಾಡಲಾಗಿತ್ತು, ಅವರ ಊರಿನಿಂದ ಹೆಚ್ಚು ದೂರವಲ್ಲದ ಜಾಗ. ಅವರಿಗೂ ಅದು ಒಳ್ಳೆಯದೇ ಆಯಿತು ಎಂದು ನಾವೆಲ್ಲ ಹೇಳಿಕೊಂಡೆವು. ಹೊರಡುವ ದಿನ ಅವರು ತರಗತಿಗೆ ಹೋಗಿ ಬಂದು, ಸ್ಟಾಫ್ ರೂಮಿನಲ್ಲಿ ಎಲ್ಲರ ಕೈ ಹಿಡಿದು ಮಾತಾಡಿಸಿ, ಕೊನೆಗೆ ನನ್ನ ಮೇಜಿನ ಹತ್ತಿರ ನಿಂತರು. ಮಾತಾಡಿದ್ದು ಕನ್ನಡದಲ್ಲಿ, ಒಂದೊಂದೇ ಪದ ಇಟ್ಟು.

"ಟೀಚರ್, ನೀವು ಬರೆದ ಅರ್ಜಿಯ ಕಾಪಿ ನನಗೆ ಕೊಟ್ಟಿದ್ದರು. ಜುಲೈಯಲ್ಲಿ ಓದ್ಲಿಕ್ಕೆ ಆಗಲಿಲ್ಲ. ಈಗ ಓದಿದೆ. ಮಕ್ಕಳ ಸಹಾಯ ಇಲ್ಲದೆ ಪೂರ್ತಿ ಓದಿದ ಮೊದಲ ಕನ್ನಡ ಅದು."

ನಾನು ಎದ್ದು ನಿಂತೆ.

"ಅದರಲ್ಲಿ ಒಂದು ಮಾತೂ ತಪ್ಪಿಲ್ಲ" ಎಂದರು. ಬ್ಯಾಗು ಹೆಗಲಿಗೆ ಹಾಕಿಕೊಂಡು ಬಸ್ಸಿಗೆ ಹೋದರು.

ಅವರ ಜಾಗಕ್ಕೆ ಬಂದವರು ಕನ್ನಡದವರು, ಶ್ರದ್ಧೆಯ ಟೀಚರ್. ಶನಿವಾರಗಳಲ್ಲೂ ತರಗತಿ ಮಾಡಿ ಮಾರ್ಚಿನೊಳಗೆ ಎಲ್ಲ ಪಾಠ ಮುಗಿಸಿದರು. ಹೆತ್ತವರಿಗೆ ಸಮಾಧಾನವಾಯಿತು, ಬೆಳೆಗಾರರ ಮಗಳು ಮತ್ತೆ ಮೊದಲಿಗಳಾದಳು. ಅರ್ಜಿ ಬರೆದದ್ದು ಇದಕ್ಕಾಗಿಯೇ ಆಗಿತ್ತು. ತರಗತಿಯಲ್ಲಿ ಮತ್ತೆ ಮೌನ ಬಂತು, ಮಕ್ಕಳು ಬೋರ್ಡು ನೋಡಿ ಬರೆದುಕೊಳ್ಳತೊಡಗಿದರು. ಬೀಡಿ ಎಲೆಯ ಹುಡುಗಿ ಗಣಿತದಲ್ಲಿ ಹಿಂದೆ ಬೀಳಲಿಲ್ಲ, ಆದರೆ ಅವಳ ದನಿ ಮತ್ತೆ ಕೇಳಿಸಲಿಲ್ಲ.

ಮುಂದಿನ ವರ್ಷ ಅದೇ ಮಕ್ಕಳಿಗೆ ಒಂಬತ್ತರಲ್ಲಿ ಪಾಠ ಮಾಡುವಾಗ ನಾನು ಮಾಷ್ ದಾರಿಯನ್ನು ಹಿಡಿದು ನೋಡಿದೆ. ಕೊನೆಯ ಬೆಂಚಿಗೆ ಹೋಗಿ ಕುಳಿತು, ಇವತ್ತು ನನಗೆ ನೀವು ಪಾಠ ಮಾಡಿ ಎಂದೆ. ಒಬ್ಬಳು ಎದ್ದು ಬಂದು ಪುಸ್ತಕದಲ್ಲಿದ್ದದ್ದನ್ನು ಒಪ್ಪಿಸಿದಳು. ಪ್ರತಿ ವಾಕ್ಯದ ಕೊನೆಗೆ ನನ್ನ ಮುಖ ನೋಡುತ್ತಿದ್ದಳು, ಸರಿಯೋ ತಪ್ಪೋ ಎಂದು. ನಾನು ಯಾಕೆ ಎಂದು ಕೇಳಿದರೆ ತಪ್ಪಾಯಿತೆಂದುಕೊಂಡು ಉತ್ತರ ಬದಲಿಸುತ್ತಿದ್ದಳು. ಒಂದು ವಾರ ಪ್ರಯತ್ನಿಸಿದೆ. ನನಗೆ ಉತ್ತರ ಗೊತ್ತಿದೆ ಎನ್ನುವುದು ಅವರಿಗೆ ಗೊತ್ತಿತ್ತು, ಹಾಗಾಗಿ ಅದು ಪಾಠವಾಗದೆ ಪರೀಕ್ಷೆಯಾಗುತ್ತಿತ್ತು. ಮಾಷ್ ಬಳಿ ಇದ್ದದ್ದು, ನನ್ನ ಬಳಿ ಇಲ್ಲದ್ದು ಏನೆಂದು ಆಗ ಹೊಳೆಯಿತು. ಅವರು ನಿಜವಾಗಿಯೂ ಗೊತ್ತಿಲ್ಲದವರಾಗಿದ್ದರು.

ಹಾಗಾದರೆ ನನಗೆ ನಿಜವಾಗಿಯೂ ಗೊತ್ತಿಲ್ಲದ್ದು ಯಾವುದು ಎಂದು ಬಸ್ಸಿನಲ್ಲಿ ಹೋಗಿಬರುವಾಗ ಯೋಚಿಸಿದೆ. ಜಲಸಂಪನ್ಮೂಲದ ಪಾಠ ಬಂದಾಗ ದಾರಿ ಸಿಕ್ಕಿತು. ನಾನು ಕಡಲಬದಿಯವಳು, ಉಪ್ಪಳದಲ್ಲಿ ನಮ್ಮದು ಬಾವಿ ನೀರು. ಪೆರ್ಲದ ಕಡೆಯ ಗುಡ್ಡಗಳಲ್ಲಿ ಮನೆಮನೆಗೂ ಸುರಂಗ ಇದೆ. ಗುಡ್ಡದ ಮೈಗೆ ಅಡ್ಡಲಾಗಿ, ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ಎತ್ತರಕ್ಕೆ ಕೊರೆದು ನೀರನ್ನು ಹೊರಗೆ ಹರಿಸಿ ತರುವ ದಾರಿ. ಇಷ್ಟು ವರ್ಷ ಅಲ್ಲಿ ಕೆಲಸ ಮಾಡಿಯೂ ಅದರ ಬಗ್ಗೆ ನನಗೆ ಏನೂ ತಿಳಿದಿರಲಿಲ್ಲ.

"ಎಲ್ಲಿ ಕೊರೆಯಬೇಕು ಅಂತ ಹೇಗೆ ಗೊತ್ತಾಗ್ತದೆ? ಒಳಗೆ ಉಸಿರು ಕಟ್ಟುವುದಿಲ್ವಾ? ಎಲ್ಲಿಗೆ ನಿಲ್ಲಿಸುವುದು? ನನಗೆ ಗೊತ್ತಿಲ್ಲ. ಪುಸ್ತಕದಲ್ಲೂ ಇಲ್ಲ" ಎಂದು ಮಕ್ಕಳಿಗೆ ಹೇಳಿದೆ.

ಅವರು ನನ್ನ ಮುಖವನ್ನೇ ನೋಡಿದರು. ನಿಜವಾಗಿ ಗೊತ್ತಿಲ್ಲ ಎಂದು ನಂಬಿಕೆ ಬರಲು ಎರಡು ದಿನ ಬೇಕಾಯಿತು. ಆಮೇಲೆ ಮನೆಗಳಲ್ಲಿ, ನೆರೆಯಲ್ಲಿ ಕೇಳಿಕೊಂಡು ಬರತೊಡಗಿದರು. ಒಬ್ಬರು ತಂದ ಉತ್ತರವನ್ನು ಇನ್ನೊಬ್ಬರು ಒಪ್ಪುತ್ತಿರಲಿಲ್ಲ. ಹಿತ್ತಲಿನ ಒಂದು ಮರದ ಹೆಸರು ಹೇಳಿ, ಅದು ಹಸಿರಾಗಿದ್ದಲ್ಲಿ ನೀರುಂಟು ಎಂದು ಒಬ್ಬ. ಹುತ್ತ ನೋಡಬೇಕು ಎಂದು ಇನ್ನೊಬ್ಬಳು. ಸುರಂಗ ಕೊರೆದು ಜೀವನ ಮಾಡಿದ ಒಬ್ಬ ಮುದುಕರನ್ನು ಅವರೇ ಶಾಲೆಗೆ ಕರೆತಂದರು. ಅವರು ತುಳುವಿನಲ್ಲಿ ಮಾತಾಡಿದರು, ಮಕ್ಕಳು ಅದನ್ನು ಕನ್ನಡದಲ್ಲಿ ಬರೆದರು. ಅದಕ್ಕೆ ಕನ್ನಡ ಪದ ಯಾವುದು ಎಂದು ಜಗಳವೂ ಆಯಿತು. ಒಳಗೆ ಹಿಡಿದ ದೀಪ ಆರಿದರೆ ಅಲ್ಲಿಗೆ ಕೆಲಸ ನಿಲ್ಲಿಸಿ ಹೊರಗೆ ಬರಬೇಕು ಎಂದು ಮುದುಕರು ಹೇಳಿದಾಗ ಯಾರೂ ಕೇಳದೆ ಬೀಡಿ ಎಲೆಯ ಹುಡುಗಿ ಎದ್ದು, "ಗಾಳಿ ಇಲ್ಲ ಅಂತ ದೀಪಕ್ಕೆ ನಮಗಿಂತ ಮೊದಲು ಗೊತ್ತಾಗ್ತದೆ" ಎಂದಳು. ನಾನು ಬೋರ್ಡಿನ ಕಡೆ ತಿರುಗಿ ಅದನ್ನು ಬರೆದೆ, ಮುಖ ಕಾಣಬಾರದೆಂದು.

ಮುಂದಿನ ಬೇಸಿಗೆ ರಜೆಯ ಅಧ್ಯಾಪಕರ ಶಿಬಿರದಲ್ಲಿ ಇದನ್ನು ಹೊಸ ಪ್ರಯೋಗ ಎಂದು ಹೇಳಿ ನನ್ನನ್ನು ಮಾತಾಡಲು ಕರೆದರು. ಮಾತು ಮುಗಿದ ಮೇಲೆ ಒಬ್ಬರು, ಇದು ನಿಮಗೆ ಹೇಗೆ ಹೊಳೆಯಿತು ಎಂದು ಕೇಳಿದರು. ಆಗ ಮಾಷ್ ಬಗ್ಗೆ ಹೇಳಿದೆ. ಬೀಡಿ ಎಲೆ, ಕಡ್ಡಿಯ ಚೌಕಟ್ಟು, ಕೊನೆಯ ಬೆಂಚು, ಎಲ್ಲವನ್ನೂ. ಅವರ ವಿರುದ್ಧ ಅರ್ಜಿ ಬರೆದವಳು ನಾನೇ ಎಂದೂ ಹೇಳಿದೆ.

ಊಟದ ಹೊತ್ತಿಗೆ ಹಿರಿಯ ಅಧ್ಯಾಪಕರೊಬ್ಬರು, ಕನ್ನಡಕ್ಕಾಗಿ ಬಹಳ ಓಡಾಡಿದವರು, ಬಟ್ಟಲು ಹಿಡಿದು ಪಕ್ಕಕ್ಕೆ ಬಂದರು. "ನೀವು ಅದನ್ನು ಹೇಳಬಾರದಿತ್ತು ಟೀಚರೇ. ನಾಳೆ ಅದನ್ನೇ ನಮ್ಮ ವಿರುದ್ಧ ಉಪಯೋಗ ಮಾಡ್ತಾರೆ."

"ಗೊತ್ತುಂಟು ಮಾಷ್ಟ್ರೇ. ಆ ಹೆದರಿಕೆಯಿಂದಲೇ ಒಮ್ಮೆ ಸುಮ್ಮನಿದ್ದೆ" ಎಂದೆ. ಅವರು ಒಪ್ಪಲಿಲ್ಲ. ನಾವಿಬ್ಬರೂ ಒಂದೇ ಮೇಜಿನಲ್ಲಿ ಕುಳಿತು ಊಟ ಮಾಡಿದೆವು.

ಜೂನಿನಲ್ಲಿ ಶಾಲೆ ತೆರೆದ ಕೆಲವು ದಿನಗಳಿಗೆ ಹಳೆಯ ಕಡತದಿಂದ ಮಾಷ್ ನಂಬರ್ ಹುಡುಕಿ ಫೋನ್ ಮಾಡಿದೆ. ಅವರು ಮಲಯಾಳಂನಲ್ಲಿ ಶುರುಮಾಡಿ, ನನ್ನ ದನಿ ಗುರುತಿಸಿ ಕನ್ನಡಕ್ಕೆ ಬಂದರು. ಕನ್ನಡ ಸ್ವಲ್ಪ ತುಕ್ಕು ಹಿಡಿದಿತ್ತು. ಹೊಸ ಶಾಲೆಯಲ್ಲಿ ಮಕ್ಕಳಿಂದ ಪಾಠ ಮಾಡಿಸುವುದನ್ನು ಮುಂದುವರಿಸಿದಿರಾ ಎಂದು ಕೇಳಿದೆ.

"ನೋಡಿದೆ. ಆಗಲಿಲ್ಲ. ಇಲ್ಲಿ ನನಗೆ ಎಲ್ಲ ಅರ್ಥ ಆಗ್ತದೆ" ಎಂದರು.

ನಾನು ಸುರಂಗದ ಪಾಠದ ಕತೆ ಹೇಳಿದೆ. ಅವರು ನಡುನಡುವೆ ಪ್ರಶ್ನೆ ಕೇಳುತ್ತಾ ಕೊನೆಯ ತನಕ ಕೇಳಿದರು. ಬೀಡಿ ಎಲೆಯ ಹುಡುಗಿಯ ಬಗ್ಗೆ ವಿಚಾರಿಸಿದರು. ಹತ್ತಕ್ಕೆ ಹೋಗಿದ್ದಾಳೆ, ಗಣಿತದಲ್ಲಿ ಚೆನ್ನಾಗಿದ್ದಾಳೆ, ಮುಂದೆ ಓದಿಸುವ ಬಗ್ಗೆ ತಾಯಿಯೊಡನೆ ಮಾತಾಡಿದ್ದೇನೆ ಎಂದೆ. ಆಮೇಲೆ, ಫೋನ್ ಮಾಡಿದ್ದು ಯಾಕೆಂದು ನನಗೇ ಸ್ಪಷ್ಟವಾಯಿತು. ಅಧಿಕಾರಿಯ ಮುಂದೆ ನಾನು ಏನು ಹೇಳಿದೆ, ಯಾವುದನ್ನು ಹೇಳಲಿಲ್ಲ ಎಂದು ತಿಳಿಸಿದೆ.

ಅವರು ಕೇಳಿದರು.

"ಹೇಳಿದ್ದರೆ ಎಂತ ಆಗ್ತಿತ್ತು ಟೀಚರ್? ಆರ್ಡರ್ ಬದಲಾಗ್ತಿತ್ತಾ?"

"ಇಲ್ಲ. ಬದಲಾಗಬಾರದಿತ್ತು ಕೂಡ."

"ಮತ್ತೆ?"

"ಆದರೂ ಹೇಳಬೇಕಿತ್ತು" ಎಂದೆ.

ಅವರು ಇಲ್ಲ ಎನ್ನಲಿಲ್ಲ. ಶಾಲೆಯ ಗಂಟೆ ಬಾರಿಸುವುದು ಕೇಳಿಸಿತು. ಕ್ಲಾಸ್ ಉಂಟು, ಇನ್ನೊಮ್ಮೆ ಮಾತಾಡುವ ಎಂದು ಹೇಳಿ ಫೋನ್ ಇಟ್ಟರು.